ಹಲಗೆಗೆ ಹಲ್ಲಿಯ ಸಾಕ್ಷಿ

ಒಂದು ಅಡುಗೆಮನೆಯ ಗೋಡೆಯ ಮೇಲೆ ಒಂದು ಹಲ್ಲಿ ಇತ್ತು. ಯಾರಾದರೂ ಮಾತಾಡುವಾಗ ಅದು ಲೊಚಗುಟ್ಟಿದರೆ, ಆ ಮಾತು ಸತ್ಯವೆಂದು ಮನೆಯವರು ನಂಬುತ್ತಿದ್ದರು. ಹಲ್ಲಿಗೂ ಆ ಮರ್ಯಾದೆಯ ರುಚಿ ಹತ್ತಿತ್ತು.

ಒಂದು ದಿನ ಯಜಮಾನ ತಿಪ್ಪೇಸ್ವಾಮಿ ತಾನೇ ಸುತ್ತಿಗೆ ಹಿಡಿದು ಗೋಡೆಗೆ ಹಲಗೆ ಹೊಡೆದ.

"ಬಡಗಿಯನ್ನು ಕರೆಯಬಾರದಿತ್ತೇನ್ರಿ?" ಎಂದಳು ಹೆಂಡತಿ.

"ಬಡಗಿ ಯಾಕೆ? ಇದರ ಮೇಲೆ ಆನೆ ಕೂತರೂ ಅಲ್ಲಾಡಲ್ಲ!"

ಹಲ್ಲಿ ಲೊಚಗುಟ್ಟಿತು.

"ಕೇಳಿದೆಯಾ?" ಎಂದು ತಿಪ್ಪೇಸ್ವಾಮಿ ಬೀಗಿದ. ಹೆಂಡತಿ ಉಪ್ಪಿನಕಾಯಿ ಜಾಡಿ ತರಲು ಹೋದಳು.

ಹಲಗೆ ಹೊತ್ತಿದ್ದ ಮೊಳೆ ನರಳಿತು: "ಹಲ್ಲಿಯಕ್ಕಾ, ನಾನು ಗೋಡೆಯಲ್ಲಿ ಬರೀ ಮೂತಿ ಊರಿ ನಿಂತಿದ್ದೇನೆ. ಯಾವ ಧೈರ್ಯದ ಮೇಲೆ ಸಾಕ್ಷಿ ಹೇಳಿದೆ?"

"ಹಲಗೆಯ ವಿಷಯ ನನಗೇನು ಗೊತ್ತಪ್ಪ? ಹೂಂ ಅಂದರೆ ಈ ಮನೆಯಲ್ಲಿ ಕೈ ಮುಗಿಯುತ್ತಾರೆ. ಸುಮ್ಮನಿದ್ದರೆ ಪೊರಕೆ ತರುತ್ತಾರೆ."

"ಹಾಗಾದರೆ ಹಲಗೆಯ ಕೆಳಗಾದರೂ ನಿಲ್ಲಬೇಡ."

"ಛೆ, ಸಾಕ್ಷಿ ಹೇಳಿದವಳೇ ದೂರ ನಿಂತರೆ ಜನ ಏನಂದಾರು?"

ಅಷ್ಟರಲ್ಲಿ ಜಾಡಿ ಹಲಗೆ ಏರಿತು. ಮೊಳೆ ಕಿತ್ತು ಬಂತು. ಹಲಗೆ, ಜಾಡಿ, ಮಾವಿನ ಹೋಳು ಎಲ್ಲವೂ ಧೊಪ್ಪೆಂದು ಬಿದ್ದವು. ಹಲ್ಲಿ ಬಾಲ ಕಳಚಿ ಬಿಟ್ಟು, ಜೀವ ಉಳಿಸಿಕೊಂಡು ಸೂರಿಗೆ ಓಡಿತು.

ತಲೆಯಿಂದ ಉಪ್ಪಿನಕಾಯಿ ರಸ ಒರೆಸಿಕೊಳ್ಳುತ್ತ ತಿಪ್ಪೇಸ್ವಾಮಿ ಹೇಳಿದ: "ಮೊಳೆ ಸ್ವಲ್ಪ ಗಿಡ್ಡವಾಯಿತು, ಅಷ್ಟೇ. ನಾಳೆ ನಾನೇ ಹೊಡೆಯುತ್ತೇನೆ, ನೋಡು, ಬಂಡೆಯ ಹಾಗೆ ನಿಲ್ಲುತ್ತದೆ!"

ಸೂರಿನಿಂದ ಹಲ್ಲಿ ಲೊಚಗುಟ್ಟಿತು.

ಕೆಳಗೆ ಉಪ್ಪಿನಕಾಯಿಯ ನಡುವೆ ಬಿದ್ದಿದ್ದ ಬಾಲ ಮಾತ್ರ ಅತ್ತಿಂದಿತ್ತ ಆಡುತ್ತಲೇ ಇತ್ತು: ಇಲ್ಲ, ಇಲ್ಲ, ಇಲ್ಲ.