ಗೂಳಯ್ಯ ಹೆಂಡತಿಯ ಕಾಯಿಲೆ ಹೇಳೋಕೆ ಹೋದದ್ದು

ಬನ್ನಿ ಬನ್ನಿ, ಹತ್ತಿರ ಕೂತ್ಕೊಳ್ಳಿ. ಎತ್ತರದವರು ಹಿಂದೆ, ಕುಳ್ಳರು ಮುಂದೆ. ಹಾಂ, ಈಗ ಕೇಳಿ.

ಹಿರೇಕಣಜ ಅಂತ ಒಂದು ರಾಜ್ಯ. ಆ ರಾಜ್ಯದ ಅರಮನೆಯಲ್ಲಿ ಗೂಳಯ್ಯ ಅಂತ ಒಬ್ಬ ಇದ್ದ. ಗಳಿಗೆ ಬಟ್ಟಲು ಕಾಯೋದು ಅವನ ಕೆಲಸ. ಹಂಡೆ ತುಂಬ ನೀರು, ಅದರ ಮೇಲೆ ತಳದಲ್ಲಿ ಸಣ್ಣ ತೂತಿರೋ ತಾಮ್ರದ ಬಟ್ಟಲು. ನೀರು ತುಂಬಿ ಬಟ್ಟಲು ಮುಳುಗಿದರೆ ಒಂದು ಗಳಿಗೆ ಆಯ್ತು ಅಂತ ಲೆಕ್ಕ. ಗೂಳಯ್ಯ ಜಾಗಟೆ ಬಾರಿಸುತ್ತಿದ್ದ. ಬಟ್ಟಲು ಎತ್ತುತ್ತಿದ್ದ, ಮತ್ತೆ ತೇಲಿಬಿಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿದವನಲ್ಲ. ದೊರೆ ಊಟಕ್ಕೆ ಕೂರುತ್ತಿದ್ದದ್ದೇ ಅವನ ಜಾಗಟೆ ಕೇಳಿ.

ಅವನ ಹೆಂಡತಿ ಚಂಪವ್ವ. ಹಳೇ ಸೀರೆ, ಹಳೇ ಪಂಚೆ ಏನು ಕೊಟ್ಟರೂ ಸರಿ, ತುಂಡು ತುಂಡು ಜೋಡಿಸಿ ಕೌದಿ ಹೊಲಿದುಕೊಡುತ್ತಿದ್ದಳು. ಮಧ್ಯಾಹ್ನ ಆದರೆ ಸಾಕು, ಪಕ್ಕದ ಬೀದಿಯ ಫಕೀರವ್ವನ ಜಗಲಿಯಲ್ಲಿ ಎಂಟು ಹತ್ತು ಹೆಂಗಸರು ಸುತ್ತ ಕೂತು ಹೊಲಿಯುತ್ತಿದ್ದರು. ಸೂಜಿ ಒಂದು ಕಡೆ ಓಡಿದರೆ ಮಾತು ಹತ್ತು ಕಡೆ ಓಡುತ್ತಿತ್ತು.

ಗಂಡ ಹೆಂಡತಿ ಚೆನ್ನಾಗೇ ಇದ್ದರು. ಆಮೇಲೆ ಒಂದು ವರ್ಷ ಎದುರುಮನೆ ಹೊತ್ತಿ ಉರಿದು ಬೂದಿಯಾಯಿತು. ಅವತ್ತಿನಿಂದ ಗೂಳಯ್ಯನ ಎದೆಯೊಳಗೆ ಒಂದು ಭಯ ಬಂದು ಕೂತುಬಿಟ್ಟಿತು. ಯಾವುದಾದರೂ ಒಂದು ಚೂರು ಆಚೀಚೆ ಆದರೆ ಕೇಡು ಬರುತ್ತೆ ಅನ್ನೋ ಭಯ.

ಮೊದಲು ಒಲೆ ನೋಡಿದ. ಆಮೇಲೆ ಬಾಗಿಲ ಅಗುಳಿ ನೋಡಿದ. ಆಮೇಲೆ ಹೆಂಡತಿಯನ್ನೇ ನೋಡೋಕೆ ಶುರು ಮಾಡಿದ.

ಅರಮನೆಯ ಹಳೇ ಬಟ್ಟಲೊಂದನ್ನು ಮನೆಗೆ ತಂದ. ಹಂಡೆಯಲ್ಲಿ ತೇಲಿಬಿಟ್ಟು ಹೇಳಿದ: "ನೋಡು, ನೀರಿಗೆ ಹೋಗಿ ಬರೋಕೆ ಅರ್ಧ ಗಳಿಗೆ. ಸಾರಿಗೆ ಒಂದು ಗಳಿಗೆ. ತಲೆ ಬಾಚೋಕೆ ಕಾಲು ಗಳಿಗೆ. ನಗೋದು ಅಂತ ಇದ್ದರೆ ಊಟ ಆದಮೇಲೆ."

"ಊಟಕ್ಕೆ ಮುಂಚೆ ನಗು ಬಂದರೆ?" ಅಂದಳು ಚಂಪವ್ವ.

"ತಡಕೋ."

ಕಿಟಕಿಗೆ ಮೊಳೆ ಹೊಡೆದ. ಕೌದಿ ಹೊಲಿಯೋಕೆ ಹೋಗೋದನ್ನೂ ನಿಲ್ಲಿಸಿದ. "ಹತ್ತು ಹೆಂಗಸರು ಅಂದರೆ ಹತ್ತು ಸೂಜಿ. ಅದರಲ್ಲಿ ಒಂದು ಕಳೆದೇ ಕಳೆಯುತ್ತೆ. ಕಳೆದದ್ದು ನಿನ್ನ ಕಾಲಿಗೇ ಚುಚ್ಚುತ್ತೆ. ಬೇಡ" ಅಂದ.

ಇವನೇನು ಸುಖವಾಗಿದ್ದನಾ? ಅದೂ ಇಲ್ಲ. ಮಲಗಿದವನು ಏಳು ಸಲ ಎದ್ದು ಅಗುಳಿ ಮುಟ್ಟಿ ನೋಡಬೇಕು. ಕೂತರೆ ಎದೆ ಢವಢವ. ಉಣ್ಣೋಕೆ ಹೋದರೆ ತುತ್ತು ಇಳಿಯದು. ಕಣ್ಣ ಕೆಳಗೆ ಕಾಡಿಗೆ ಬಳಿದ ಹಾಗೆ ಕಪ್ಪು. ಚಂಪವ್ವನಿಗೆ ನೋಡಿ ಕರುಳು ಚುರುಕ್ ಅಂತು.

"ರೀ, ಮನಸ್ಸಿನ ಬೇನೆಗೆ ಮದ್ದು ಕೊಡೋ ಶಾಂತವೀರಯ್ಯ ಪಂಡಿತರು ಊರಲ್ಲೇ ಇದ್ದಾರೆ. ಒಂದು ಸಲ ಹೋಗಿ ಬರೋಣ."

ಗೂಳಯ್ಯನಿಗೆ ಮೈಯೆಲ್ಲ ಉರಿಯಿತು. "ನನಗೇನಾಗಿದೆ? ನಾನು ಗುಂಡುಕಲ್ಲು ಇದ್ದ ಹಾಗೆ ಇದೀನಿ. ಕಾಯಿಲೆ ನಿನಗೆ!"

ಚಂಪವ್ವ ಸುಮ್ಮನಾಗಲಿಲ್ಲ. ಒಂದು ದಿನ ಪಂಡಿತರನ್ನೇ ಮನೆಗೆ ಕರೆಸಿದಳು. "ನನ್ನ ತಾಯಿ ಕಡೆ ದೂರದ ಮಾವ" ಅಂತ ಸುಳ್ಳು ಹೇಳಿದಳು. ಪಂಡಿತರು ಒಳಗೆ ಕಾಲಿಟ್ಟರು. ಗೂಳಯ್ಯ ಕೈ ಅಡ್ಡ ಹಿಡಿದ. "ಎಡಗಾಲು ಇಟ್ಟಿರಿ ಮಾವ. ಹೊರಗೆ ಹೋಗಿ ಬಲಗಾಲು ಇಟ್ಟು ಬನ್ನಿ." ಪಂಡಿತರು ಹೊರಗೆ ಹೋದರು, ಬಂದರು. "ಈಗ ಬಲಗಾಲು ಸರಿ, ಆದರೆ ಕೆಮ್ಮಿದಿರಿ. ಇನ್ನೊಂದು ಸಲ." ಹೋದರು, ಬಂದರು. "ಈಗ ಎಲ್ಲ ಸರಿ, ಆದರೆ ಬಟ್ಟಲು ಮುಳುಗಿತು. ನಿಮ್ಮ ಹೊತ್ತು ಮುಗೀತು. ಹೋಗಿ ಬನ್ನಿ ಮಾವ." ಪಾಪ, ಪಂಡಿತರು ಎರಡು ದಿನ ತಮ್ಮ ಮನೆ ಹೊಸ್ತಿಲಲ್ಲೇ ನಿಂತು ಯಾವ ಕಾಲು ಅಂತ ಯೋಚನೆ ಮಾಡಿದರಂತೆ.

ಇನ್ನೊಂದು ದಿನ ಸಂತೆಯಲ್ಲಿ ಯಾರೋ ಮಾರುತ್ತಿದ್ದ ನಿದ್ದೆಪುಡಿ ತಂದು ಪಾಯಸಕ್ಕೆ ಬೆರೆಸಿದಳು. ಗೂಳಯ್ಯ ಪಾಯಸದ ಬಟ್ಟಲು ಮೂಸಿದ, ಹೆಂಡತಿಯ ಮುಖ ನೋಡಿದ, ಪಾಯಸವನ್ನು ಬೆಕ್ಕಿನ ಮುಂದೆ ಇಟ್ಟ. ಬೆಕ್ಕು ನೆಕ್ಕಿತು, ಆಕಳಿಸಿತು, ಒಂದೂವರೆ ದಿನ ಮಲಗಿತು. ಅದರ ಮೂಗಿನ ಮುಂದೆಯೇ ಇಲಿಗಳು ಮೆರವಣಿಗೆ ಹೋದವು. ವಿಷಯ ಕೇಳಿ ಪಂಡಿತರು ಚಂಪವ್ವನಿಗೆ ಚೆನ್ನಾಗಿ ಬೈದರು. "ಹೇಳದೆ ಕೇಳದೆ ಯಾರಿಗೂ ಮದ್ದು ಹಾಕಬಾರದು ತಾಯಿ. ಜೀವಕ್ಕೂ ಅಪಾಯ. ನಂಬಿಕೆಯೂ ಹೋಗುತ್ತೆ."

ಮೂರನೇ ಸಲ ಬೇರೆ ದಾರಿ ಹಿಡಿದಳು. ಅವನು ಹೇಳಿದ್ದಕ್ಕೆಲ್ಲ ಹೂಂ ಅಂದುಬಿಡೋಣ, ಆಗಲಾದರೂ ಅವನ ಮನಸ್ಸು ತಣ್ಣಗಾದೀತು ಅಂದುಕೊಂಡಳು. ತಣ್ಣಗಾಯಿತಾ? ಹತ್ತಿದ್ದ ಕಟ್ಟಳೆ ನಲವತ್ತಾಯಿತು! ಕಡೆಕಡೆಗೆ ಸೀನೋಕೂ ಅಪ್ಪಣೆ ಬೇಕಾಯಿತು.

"ರೀ, ಸೀನು ಬರ್ತಿದೆ. ಸೀನಲಾ?"

ಗೂಳಯ್ಯ ಯೋಚಿಸುತ್ತಿದ್ದ. "ಎಷ್ಟು ಸೀನು?"

ಅಷ್ಟರಲ್ಲಿ ಸೀನು ಬೇಜಾರಾಗಿ ವಾಪಸ್ ಹೋಗಿರುತ್ತಿತ್ತು.

ನಗ್ತೀರಾ? ನಗಿ. ಆದರೆ ಮುಂದಿನದು ನಗೋ ಮಾತಲ್ಲ.

ಒಂದು ಬೆಳಗ್ಗೆ ಗೂಳಯ್ಯ ಹೊರಗಿಂದ ಬೀಗ ಹಾಕಿಕೊಂಡು ಅರಮನೆಗೆ ಹೋದ. ಒಲೆಯ ಕೆಂಡ ಸಿಡಿದು ಮೂಲೆಯಲ್ಲಿದ್ದ ಕೌದಿಗೆ ಬಿತ್ತು. ಹೊಗೆ ಎದ್ದಿತು. ಬಾಗಿಲಿಗೆ ಬೀಗ, ಕಿಟಕಿಗೆ ಮೊಳೆ. ಚಂಪವ್ವ ಹಂಡೆಯ ನೀರನ್ನೆಲ್ಲ ಬಟ್ಟಲ ಸಮೇತ ಬೆಂಕಿಯ ಮೇಲೆ ಚೆಲ್ಲಿದಳು. ಬೆಂಕಿ ಆರಿತು, ಹೊಗೆ ಆರಲಿಲ್ಲ. ಉಸಿರು ಕಟ್ಟಿತು. ಗೋಡೆ ಬಡಿದಳು, ಕೂಗಿದಳು. ಕೂಗು ಕೇಳಿ ಫಕೀರವ್ವ ಹಾರೆ ಹಿಡಿದು ಓಡಿ ಬಂದಳು. ಕಿಟಕಿ ಮೀಟಿ ಮುರಿದು ಚಂಪವ್ವನನ್ನು ಹೊರಗೆ ಎಳೆದುಕೊಂಡಳು.

ಗೂಳಯ್ಯನಿಗೆ ಸುದ್ದಿ ಮುಟ್ಟಿತು. ಓಡೋಡಿ ಬಂದ. ಹೆಂಡತಿಯ ಮಸಿ ಮುಖ ನೋಡಿ ಕಣ್ಣಲ್ಲಿ ನೀರು ಬಂತು. ಆದರೆ ಬಾಯಲ್ಲಿ ಏನು ಬಂತು?

"ನೋಡಿದ್ಯಾ? ಬೆಂಕಿ ಬೀಳುತ್ತೆ ಅಂತ ನಾನು ಹೇಳಿರಲಿಲ್ವಾ? ನಾಳೆಯಿಂದ ಎರಡು ಬೀಗ!"

ಚಂಪವ್ವ ಅವನ ಮುಖವನ್ನೇ ನೋಡಿದಳು. ಎದ್ದಳು, ಸೂಜಿದಾರದ ಗಂಟು ಕಂಕುಳಲ್ಲಿ ಇಟ್ಟುಕೊಂಡಳು, ಫಕೀರವ್ವನ ಮನೆಗೆ ನಡೆದುಬಿಟ್ಟಳು.

ಅಲ್ಲಿಂದ ಪಂಡಿತರ ಹತ್ತಿರ ಹೋಗಿ ಅತ್ತಳು. "ನಾನೇ ಅವರ ಕೈ ಬಿಟ್ಟ ಹಾಗಾಯ್ತಾ, ಅಜ್ಜಾ?"

ಪಂಡಿತರು ಹೇಳಿದರು: "ಕಾಯಿಲೆ ಬಂದದ್ದು ಅವನ ತಪ್ಪಲ್ಲ. ಬೀಗ ಹಾಕಿದ್ದು ತಪ್ಪು. ಬೇಡ ಅನ್ನೋ ಬಾಯಿಗೆ ನಾನೂ ಮದ್ದು ಹಾಕಲಾರೆ, ನೀನೂ ಹಾಕಲಾರೆ. ಮೊದಲು ನೀನು ಉಸಿರಾಡು ತಾಯಿ. ಬೀಗದ ಒಳಗೆ ಕೂತು ಯಾರನ್ನೂ ಗುಣ ಮಾಡೋಕಾಗಲ್ಲ."

ಇತ್ತ ಗೂಳಯ್ಯ ಸೀದಾ ದೊರೆಯ ಮುಂದೆ ಹೋಗಿ ಕೈಮುಗಿದ. "ಮಹಾಪ್ರಭು, ನನ್ನ ಹೆಂಡತಿಗೆ ತಲೆ ಕೆಟ್ಟಿದೆ. ಮನೆ ಬಿಟ್ಟು ಹೋಗಿದಾಳೆ. ಹಿಡಿದು ತರಿಸಿ ಮದ್ದು ಕೊಡಿಸಿ."

ದೊರೆ ಚಂಪವ್ವನನ್ನು ಕರೆಸಿದ, ಪಂಡಿತರನ್ನೂ ಕರೆಸಿದ. ಸಭೆ ತುಂಬಿತು.

ಚಂಪವ್ವ ಮುಂದೆ ಬಂದು ಹೇಳಿದಳು: "ಪ್ರಭುಗಳೇ, ನನಗೆ ಕಾಯಿಲೆ ಅಂತ ಇವರು ಹೇಳ್ತಾರೆ. ಆಗಲಿ, ಪಂಡಿತರು ನೋಡಲಿ. ಆದರೆ ಕಾಯಿಲೆ ಹೇಗೆ ಹೇಗೆ ಕಾಡುತ್ತೆ ಅಂತ ನನಗಿಂತ ಚೆನ್ನಾಗಿ ಇವರು ಬಲ್ಲರು. ಇವರೇ ಹೇಳಲಿ. ನಡುವೆ ನಾನು ಬಾಯಿ ಹಾಕಲ್ಲ."

ಗೂಳಯ್ಯ ಹಿಗ್ಗಿಹೋದ. ಆ ಹಿಗ್ಗಿನಲ್ಲಿ, ಅವತ್ತು ಮನೆಗೆ ಬಂದಿದ್ದ ಮಾವನೇ ಈ ಪಂಡಿತರು ಅಂತಲೂ ಅವನಿಗೆ ಹೊಳೆಯಲಿಲ್ಲ. ಪಂಡಿತರು ಓಲೆಗರಿ ತೆಗೆದರು.

"ನಿದ್ದೆ ಹೇಗೆ?"

"ನಿದ್ದೆಯೇ? ಅವಳು ಅಗುಳಿ ಸರಿಯಾಗಿ ಹಾಕಲ್ಲ. ಅದಕ್ಕೇ ಏಳು ಸಲ ಏಳಬೇಕು!"

"ಏಳೋದು ಯಾರು?"

"ನಾನು."

ಪಂಡಿತರು ಬರೆದುಕೊಂಡರು. "ಎದೆ?"

"ನೀರಿಗೆ ಹೋದವಳು ತಡ ಮಾಡಿದರೆ ಎದೆ ನಗಾರಿ ಹೊಡೆದ ಹಾಗೆ ಹೊಡ್ಕೊಳ್ಳುತ್ತೆ!"

"ಯಾರ ಎದೆ?"

"ನನ್ನದೇ, ಮತ್ತಿನ್ಯಾರದು?"

"ಊಟ?"

"ಕಿಟಕಿ ತೆಗೀರಿ ಅಂತಾಳೆ ಪಂಡಿತರೇ! ಅಂದರೆ ಸಾಕು, ತುತ್ತು ಗಂಟಲಲ್ಲೇ ನಿಲ್ಲುತ್ತೆ."

"ಗಂಟಲು ಯಾರದು?"

"ನನ್ನದು ಅಂತ ಹೇಳ್ತಾ ಇಲ್ವಾ!"

ಸಭೆಯಲ್ಲಿ ಒಬ್ಬ ಕಿಸಕ್ ಅಂದ. ದೊರೆ ಶಲ್ಯದಲ್ಲಿ ಬಾಯಿ ಮುಚ್ಚಿಕೊಂಡ. ಚಂಪವ್ವ ಮಾತ್ರ ನಗಲಿಲ್ಲ.

ಪಂಡಿತರು ಓಲೆ ಎತ್ತಿ ಓದಿದರು. "ಒಬ್ಬರಿಗೆ ನಿದ್ದೆ ಇಲ್ಲ, ಏಳು ಸಲ ಏಳ್ತಾರೆ. ಎದೆ ನಗಾರಿ. ಅನ್ನ ಇಳಿಯಲ್ಲ. ಹಗಲೂ ಭಯ, ಇರುಳೂ ಭಯ. ಗೂಳಯ್ಯ, ನೀನೇ ಹೇಳು. ಇಂಥವರಿಗೆ ಮದ್ದು ಬೇಕೋ ಬೇಡವೋ?"

ಗೂಳಯ್ಯನಿಗೆ ಕರುಣೆ ಉಕ್ಕಿ ಬಂತು. "ಅಯ್ಯೋ ಪಾಪ! ಇದನ್ನೇನು ಕೇಳ್ತೀರಿ? ಇವತ್ತೇ ಶುರು ಮಾಡಿ. ಬೇಡ ಅಂದರೂ ಬಿಡಬೇಡಿ!"

"ಹಾಗೇ ಆಗಲಿ" ಅಂದು ಪಂಡಿತರು ಎದ್ದು ಬಂದು ಗೂಳಯ್ಯನ ಕೈ ಹಿಡಿದು ನಾಡಿ ನೋಡಿದರು.

ಸಭೆ ಗೊಳ್ ಅಂತು. ಗೂಳಯ್ಯ ಕೈ ಕಿತ್ತುಕೊಂಡ. "ಮೋಸ! ಇದು ಮೋಸ!"

"ನಾನು ಬರೆದದ್ದೆಲ್ಲ ನಿನ್ನ ಮಾತೇ ಅಲ್ವೇನಪ್ಪಾ?" ಅಂದರು ಪಂಡಿತರು.

ದೊರೆ ಹೇಳಿದ, "ಭಟರನ್ನು ಕರೆಯಲಾ? ಹಿಡಿದು ಕುಡಿಸಿಬಿಡೋಣ."

ಆಗ ಚಂಪವ್ವ ಅಡ್ಡ ಬಂದಳು. "ಬೇಡ ಪ್ರಭು. ಕಟ್ಟಿಹಾಕೋದು ಏನು ಅಂತ ನಾನು ಕಂಡಿದೀನಿ. ಅವರಿಗೂ ಅದು ಬೇಡ. ಮದ್ದು ತಗೊಳ್ಳೋದು ಬಿಡೋದು ಅವರಿಗೆ ಸೇರಿದ್ದು. ನಾನು ಕೇಳೋದು ಒಂದೇ. ನನ್ನ ಮೇಲೆ ಯಾರೂ ಬೀಗ ಹಾಕಕೂಡದು. ಅವರು ಗುಣದ ದಾರಿ ಹಿಡಿಯೋ ತನಕ ನಾನು ಫಕೀರವ್ವನ ಮನೇಲಿರ್ತೀನಿ."

"ಸರಿ. ಹಾಗೇ ನಡೀಲಿ" ಅಂದ ದೊರೆ.

ಗೂಳಯ್ಯ ಬುಸುಗುಟ್ಟುತ್ತ ಮನೆಗೆ ಹೋದ. "ಇರಲಿ. ಇನ್ನು ಎಲ್ಲ ನಾನು ಹೇಳಿದ ಹಾಗೇ ಇರುತ್ತೆ, ತಪ್ಪು ಮಾಡೋಕೆ ಯಾರೂ ಇಲ್ಲ" ಅಂದುಕೊಂಡ.

ಮೊದಲನೇ ದಿನ ಬೆಕ್ಕಿಗೆ ಕಟ್ಟಳೆ ಹಾಕಿದ. ಬೆಕ್ಕು ಕೇಳಿಸಿಕೊಂಡು, ಮೈ ಮುರಿದು, ಅವನ ಹಾಸಿಗೆಯ ಮೇಲೇ ಮಲಗಿತು. ಎರಡನೇ ದಿನ ಹಸುವಿಗೆ ಹೇಳಿದ, "ಕಾಲು ಗಳಿಗೆಯಲ್ಲಿ ಹಾಲು ಕೊಡಬೇಕು." ಹಸು ಅರ್ಧ ಗಳಿಗೆ ಯೋಚಿಸಿ ಚೊಂಬು ಒದೆಯಿತು. ಮೂರನೇ ದಿನ ಹುಂಜಕ್ಕೆ, "ನಾನು ಹೇಳೋ ತನಕ ಕೂಗಕೂಡದು" ಅಂದ. ಹುಂಜ ಕೂಗೇ ಕೂಗಿತು. ಅದನ್ನು ಅಟ್ಟಿಸಿಕೊಂಡು ಮೂರು ಬೀದಿ ಓಡಿದ. ಅರಮನೆಯಲ್ಲಿ ಬಟ್ಟಲು ಮುಳುಗಿ ಹಂಡೆಯ ತಳ ಸೇರಿತ್ತು. ಅವತ್ತು ದೊರೆ ಊಟ ಮಾಡಿದ್ದು ಸಾಯಂಕಾಲ!

ಮನೆಗೆ ಬಂದು ಗೂಳಯ್ಯ ಬಾಗಿಲು ಹಾಕಿದ. ಅಗುಳಿ ಮುಟ್ಟಿ ನೋಡಿದ. ಕೂತ. ಎದ್ದ. ಮುಟ್ಟಿ ನೋಡಿದ. ಕೂತ. ಏಳನೇ ಸಲ ಎದ್ದವನು ಹಾಗೇ ನಿಂತುಬಿಟ್ಟ.

"ಚಂಪವ್ವ ಇಲ್ಲ. ಅಗುಳಿ ಹಾಕಿದ್ದು ನಾನೇ. ಮತ್ತೆ ಯಾಕೆ ಏಳ್ತಾ ಇದೀನಿ?"

ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಕೂತ. ಎಷ್ಟೋ ವರ್ಷದ ಮೇಲೆ ಜೋರಾಗಿ ಅತ್ತ. ಬೆಳಕು ಹರಿದ ಮೇಲೆ ತಾನೇ ಪಂಡಿತರ ಮನೆಗೆ ಹೋದ. ಎಡಗಾಲೋ ಬಲಗಾಲೋ ನೋಡದೆ ಒಳಗೆ ನುಗ್ಗಿದ.

"ಪಂಡಿತರೇ, ನನ್ನ ಹೆಂಡತಿ ಮನೇಲಿಲ್ಲ. ಆದರೂ ಅವಳ ಕಾಯಿಲೆ ಮನೇಲೇ ಇದೆ."

"ಕೂತ್ಕೋ ಮಗಾ. ಅದು ಯಾರದು ಅಂತ ನಿಧಾನವಾಗಿ ಮಾತಾಡೋಣ" ಅಂದರು ಪಂಡಿತರು.

ಮದ್ದು ಶುರುವಾಯಿತು. ಕಹಿ ಕಷಾಯ ಇತ್ತು, ದಿನಾ ಮಾತು ಇತ್ತು, ಪಾಠವೂ ಇತ್ತು. ಅಗುಳಿ ಒಂದೇ ಸಲ ನೋಡಬೇಕು. ಆಮೇಲೆ ಎಷ್ಟು ಭಯವಾದರೂ ಏಳದೆ ಕೂತಿರಬೇಕು. ಭಯ ಬರುತ್ತೆ, ಸುತ್ತು ಹಾಕುತ್ತೆ, ಬೇಜಾರಾಗಿ ಹೋಗುತ್ತೆ. ಗೂಳಯ್ಯ ನಡುವೆ ಎರಡು ಸಲ ಕಷಾಯ ಚೆಲ್ಲಿ ಓಡಿಹೋದ, ಎರಡು ಸಲವೂ ವಾಪಸ್ ಬಂದ.

ಮೂರನೇ ದಿನವೇ ಫಕೀರವ್ವನ ಜಗಲಿಗೆ ಹೋಗಿ ನಿಂತಿದ್ದ. "ಚಂಪಾ, ಮದ್ದು ತಗೋತಾ ಇದೀನಿ. ಮನೆಗೆ ಬಾ."

"ಒಳ್ಳೇದಾಯ್ತು ಕಣ್ರೀ, ತುಂಬ ಸಂತೋಷ. ಎಷ್ಟು ದಿನ ಆಯ್ತು?"

"ಮೂರು ದಿನ."

"ಮೂರು ತಿಂಗಳಾಗಲಿ" ಅಂದಳು. ಅವನಿಗೆ ಬಿಸಿ ರೊಟ್ಟಿ ಕೊಟ್ಟು ಕಳಿಸಿದಳು.

ಮೂರು ತಿಂಗಳಾದ ಮೇಲೆ ಅವಳೇ ಬಂದು ನೋಡಿದಳು. ಮುರಿದ ಕಿಟಕಿ ಸರಿಮಾಡಿದ್ದ, ಮೊಳೆ ಹೊಡೆದಿರಲಿಲ್ಲ. ಬೀಗ ಇರಲಿಲ್ಲ. ಗೂಳಯ್ಯನ ಕಣ್ಣ ಕೆಳಗಿನ ಕಪ್ಪು ತಿಳಿಯಾಗಿತ್ತು. "ಬರ್ತೀನಿ. ಆದರೆ ಕೌದಿಗೆ ದಿನಾ ಹೋಗ್ತೀನಿ. ಮತ್ತೆ ಬೀಗ ಕಂಡರೆ ಹೊರಟುಬಿಡ್ತೀನಿ" ಅಂದಳು. ಗೂಳಯ್ಯ ತಲೆಯಾಡಿಸಿದ. ಭಯ ಪೂರ್ತಿ ಹೋಯಿತು ಅಂತ ಹೇಳಲ್ಲ, ಹೇಳಿದರೆ ಸುಳ್ಳಾಗುತ್ತೆ. ಮೋಡ ಮುಸುಕಿದ ಹಾಗೆ ಆಗಾಗ ಬರೋದು. ಬಂದಾಗ ಹೆಂಡತಿಯ ಮೇಲೆ ಕೂಗಾಡದೆ ಪಂಡಿತರ ಮನೆಗೆ ನಡೆಯುತ್ತಿದ್ದ. ಒಂದು ದಿನ ಚಂಪವ್ವ ಕೌದಿ ಮುಗಿಸಿ ಕತ್ತಲಾಗೋ ಹೊತ್ತಿಗೆ ಬಂದಳು. ಗೂಳಯ್ಯ ಬಾಗಿಲಲ್ಲೇ ನಿಂತಿದ್ದ, ಬೆವೆತಿದ್ದ. ಏನೋ ಕೇಳೋಕೆ ಬಾಯಿ ತೆರೆದ. ನುಂಗಿಕೊಂಡ.

"ಸಾರು ಬಿಸಿ ಮಾಡಿದೀನಿ, ಬಾ" ಅಂದ.

ಇದರ ನೀತಿ ಏನಪ್ಪಾ ಅಂದರೆ, ಮನಸ್ಸಿಗೆ ಕಾಯಿಲೆ ಬರೋದು ನಾಚಿಕೆಯಲ್ಲ. ಬಂದದ್ದನ್ನು ಇಲ್ಲ ಅಂತ ಹೇಳಿ, ಅದರ ಭಾರವನ್ನೆಲ್ಲ ಹೆಂಡತಿಯ ತಲೆಗೋ ಗಂಡನ ತಲೆಗೋ ಹೊರಿಸೋದು ತಪ್ಪು. ಕಟ್ಟಿಕೊಂಡವರಿಗಾಗಿ ಮರುಗಬೇಕು, ಕಾಯಬೇಕು, ರೊಟ್ಟಿ ಕೊಡಬೇಕು. ಆದರೆ ಅವರ ಭಯಕ್ಕೆ ನಾವು ಬೀಗದೊಳಗೆ ಇರಬೇಕಾಗಿಲ್ಲ.

ಅಷ್ಟೇ ಕಥೆ. ಏಳಿ, ಕಾಲು ಜೋಮು ಹಿಡಿದಿರುತ್ತೆ. ಸ್ವಲ್ಪ ಓಡಾಡಿ.