ದ್ರಾವಕದ ಭರಣಿ ಮತ್ತು ನೀರಿನ ಬೊಮ್ಮಯ್ಯ

"ಮಣಿವಾಳ ನಾಡಿನ ಸಮಸ್ತರೂ ಕೇಳತಕ್ಕದ್ದು. ರಾಜಕುಮಾರಿ ಪದ್ಮಲೆಯವರ ಮೂರು ಒಗಟುಗಳನ್ನು ಬಿಡಿಸಿದವರಿಗೆ ಅರಮನೆಯ ರಸಶಾಲೆಯ ಒಡೆತನ ಸಲ್ಲುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ರಸಶಾಲೆಯಲ್ಲಿ ತಪ್ಪಿಗೆ ಎರಡನೆಯ ಸರದಿ ಇಲ್ಲ, ಸಭೆಯಲ್ಲೂ ಇಲ್ಲ."

ಡಂಗುರದವನು ಹೀಗೆ ಸಾರುತ್ತ ಹೋದಾಗ ಬೊಮ್ಮಯ್ಯ ಬಾವಿಕಟ್ಟೆಯಲ್ಲಿ ಕೊಡ ಇಳಿಸಿ ನಿಂತಿದ್ದ. ಅವನು ಅರಮನೆಗೆ ನೀರು ಹೊರುವವನು. ಒಡೆತನದ ಆಸೆ ಅವನಿಗಿರಲಿಲ್ಲ. ರಸಶಾಲೆಯ ಹೆಸರೇ ಅವನಿಗೆ ಬೇಡವಾಗಿತ್ತು.

ಅದು ಚಿನ್ನ ಬೆಳ್ಳಿ ಶುದ್ಧ ಮಾಡುವ ಜಾಗ. ಅಲ್ಲಿ ಗಾಜಿನ ಭರಣಿಗಳಲ್ಲಿ ಗಂಧಕದ ದ್ರಾವಕ ಇಟ್ಟಿರುತ್ತಿದ್ದರು. ನೋಡಲು ಎಣ್ಣೆಯ ಹಾಗೆ ಮಂದ, ಬಟ್ಟೆಗೆ ಬಿದ್ದರೆ ತೂತು, ಮೈಗೆ ಬಿದ್ದರೆ ಚರ್ಮ ಸುಟ್ಟು ಕರಿ. ಹಿಂದಿನ ವರ್ಷ ಅದು ರಾಜಕುಮಾರಿಯ ಅಣ್ಣನ ಮುಖಕ್ಕೆ ಸಿಡಿದಾಗ ಬೊಮ್ಮಯ್ಯ ಎರಡು ಕೊಡ ನೀರು ಹೊತ್ತು ಹತ್ತೇ ಹೆಜ್ಜೆ ಆಚೆ ಇದ್ದ. ಓಡಿಯೂ ಓಡಿದ್ದ. "ನಿಲ್ಲೋ, ದ್ರಾವಕಕ್ಕೆ ನೀರು ತಾಗಿದರೆ ಕುದಿಯುತ್ತದೆ" ಎಂದು ರಸಶಾಲೆಯ ಹಿರಿಯ ಪಂಡಿತರು ಗದರಿದರು. ಬೊಮ್ಮಯ್ಯ ನಿಂತ. ರಾಜಕುಮಾರ ಮೂರನೆಯ ದಿನ ತೀರಿಕೊಂಡ.

ಸಭೆ ಸೇರಿದ ದಿನ ಬೊಮ್ಮಯ್ಯ ಬಾಗಿಲ ಬಳಿ ಕೊಡ ಇಟ್ಟುಕೊಂಡು ಕುಡಿಯುವ ನೀರು ಕೊಡುತ್ತಿದ್ದ. ಅರಸನ ಪಕ್ಕದ ಪೀಠದಿಂದ ಪದ್ಮಲೆ ಎದ್ದು ನಿಂತಳು. ಅವಳ ಮುಂದೆ ಒಂದು ಭರಣಿ ದ್ರಾವಕವಿತ್ತು.

"ಬಾಯಿ ತೆರೆದಿಟ್ಟರೆ ಯಾರೂ ಎರೆಯದೆ ತುಂಬುತ್ತದೆ, ತುಂಬಿದಷ್ಟೂ ಅದರ ಕಸುವು ಕುಗ್ಗುತ್ತದೆ. ಅದು ಯಾವುದು? ಇದು ಮೊದಲನೆಯದು. ಇನ್ನು ಎರಡನೆಯದು. ಇಬ್ಬರಿದ್ದಾರೆ. ಒಬ್ಬ ಇನ್ನೊಬ್ಬನ ಮನೆಗೆ ಹೋದರೆ ಇಬ್ಬರಿಗೂ ಕ್ಷೇಮ. ಅವನು ಇವನ ಮನೆಗೆ ಬಂದರೆ ಮನೆಗೆ ಬೆಂಕಿ. ಯಾರು ಯಾರ ಮನೆಗೆ ಹೋಗಬೇಕು?" ಅವಳು ಭರಣಿಯ ಮೇಲೆ ಕೈಯಿಟ್ಟಳು. "ಮೂರನೆಯದು. ಗುಟುಕಾದರೆ ಸುಡುತ್ತದೆ, ಕೊಡಗಟ್ಟಲೆಯಾದರೆ ಬದುಕಿಸುತ್ತದೆ. ಹತ್ತಿರವೇ ಇದ್ದೂ ನನ್ನ ಅಣ್ಣನನ್ನು ಮುಟ್ಟಲಿಲ್ಲ. ಅದು ಯಾವುದು?"

ಮೂರನೆಯದು ಕಿವಿಗೆ ಬಿದ್ದದ್ದೇ ಬೊಮ್ಮಯ್ಯ ಕೊಡದ ಕಡೆ ನೋಡಿದ. ಅದರ ಉತ್ತರ ಅವನ ಕಾಲ ಬಳಿಯೇ ಇತ್ತು.

ಮೊದಲು ಎದ್ದವನು ಸಾಮಂತರ ಮಗ ಚೆಂಗಿರಾಯ. ಮೈತುಂಬ ಅತ್ತರು, ಬಾಯಿತುಂಬ ಹೊಗಳಿಕೆ. "ಯಾರೂ ಎರೆಯದೆ ತುಂಬುವುದು ರಾಜಕುಮಾರಿಯವರ ಕೀರ್ತಿ" ಎಂದ. ಹಾಗಾದರೆ ತನ್ನ ಕೀರ್ತಿಯ ಕಸುವು ಕುಗ್ಗುತ್ತಿದೆಯೇ ಎಂದು ಅವಳು ಕೇಳಿದಾಗ ಪುಣ್ಯಾತ್ಮ ಬಾಗಿಲ ಕಡೆ ಹಿಂದೆ ಸರಿದ. ಭಟರು ಅವನನ್ನು ಸೆರೆಮನೆಗೆ ಒಯ್ದರು. ಬೆಳಗಾದರೆ ತಲೆ ಹೋಗುವುದಿತ್ತು.

ಎರಡನೆಯವನು ಗುಣಾಕರ ಎಂಬ ವಿದ್ವಾಂಸ. "ಎರಡನೆಯದನ್ನೇ ಮೊದಲು ಹೇಳುತ್ತೇನೆ, ಮಾಡಿಯೂ ತೋರಿಸುತ್ತೇನೆ" ಎಂದು ಬಟ್ಟಲಿಗೆ ದ್ರಾವಕ ಬಗ್ಗಿಸಿಕೊಂಡ. "ಇಬ್ಬರು ಎಂದರೆ ದ್ರಾವಕ ಮತ್ತು ನೀರು. ದೊಡ್ಡವರು ಕೂತಲ್ಲಿಗೆ ಸಣ್ಣವರು ಬರುವುದು ಮರ್ಯಾದೆ. ದ್ರಾವಕ ದೊಡ್ಡದು. ನೀರೇ ಅದರ ಬಳಿಗೆ ಹೋಗಬೇಕು." ಮರ್ಯಾದೆಯಲ್ಲೇ ಬೆಳೆದ ಸಭೆ ತಲೆದೂಗಿತು. ರಾಜಕುಮಾರಿ "ತಡೆಯಿರಿ" ಎನ್ನುವಷ್ಟರಲ್ಲಿ ಅವನು ಒಂದು ಚೊಂಬು ನೀರನ್ನು ಬಟ್ಟಲಿಗೆ ಸುರಿದುಬಿಟ್ಟಿದ್ದ.

ಬಟ್ಟಲು ಭುಸ್ಸೆಂದು ಕುದಿದು ಅವನ ಮುಖಕ್ಕೆ, ತೋಳಿಗೆ ಸಿಡಿಯಿತು. ಗುಣಾಕರ ಚೀರುತ್ತ ಕುಸಿದ. "ಯಾರೂ ನೀರು ತಾಗಿಸಬೇಡಿ" ಎಂದು ಹಿರಿಯ ಪಂಡಿತರು ಮುಂದಿನ ಸಾಲಿನಿಂದ ಕೂಗಿದರು. ಅದೇ ದನಿ, ಅದೇ ಮಾತು.

ಈ ಸಲ ಬೊಮ್ಮಯ್ಯ ನಿಲ್ಲಲಿಲ್ಲ. ಅಡ್ಡ ಬಂದ ಭಟನನ್ನು ಹೆಗಲಿನಿಂದ ತಳ್ಳಿ ಇಡೀ ಕೊಡವನ್ನು ಗುಣಾಕರನ ಮುಖದ ಮೇಲೆ ಸುರಿದ. ದ್ರಾವಕ ಹೀರಿದ ಅಂಗವಸ್ತ್ರವನ್ನು ಕಿತ್ತೆಸೆದು, ಅವನ ರೆಪ್ಪೆ ಬಿಡಿಸಿ ಎರಡನೆಯ ಕೊಡ ಸುರಿದ. "ಇನ್ನೂ ತನ್ನಿ, ನಿಲ್ಲಿಸಬೇಡಿ" ಎಂದ. ಅರ್ಧ ಗಳಿಗೆ ನೀರು ಹರಿಯಿತು. ಕೊನೆಗೆ ಗುಣಾಕರ ಕಣ್ಣು ತೆರೆದು, "ದೀಪ ಕಾಣುತ್ತಿದೆ" ಎಂದ. ಬೊಮ್ಮಯ್ಯನಿಗೆ ಅಳು ಬಂತು.

"ಪರೀಕ್ಷೆಯಲ್ಲಿ ಕೈಹಾಕಿದವನೂ ಸ್ಪರ್ಧಿಯೇ" ಎಂದ ಅರಸ. "ಉಳಿದ ಉತ್ತರ ತಪ್ಪಿದರೆ ಇವನ ತಲೆಯೂ ಹೋಗುತ್ತದೆ."

"ಮೂರನೆಯದನ್ನು ಇವನು ಮಾಡಿಯೇ ತೋರಿಸಿದ" ಎಂದಳು ಪದ್ಮಲೆ. "ಕುದಿಯುವುದು ಇದೇ ನೀರಿನಿಂದ. ಬದುಕಿಸಿದ್ದೂ ಇದೇ ನೀರು. ಹೇಗೆ?"

"ಅಮ್ಮಣ್ಣಿ, ಚೊಂಬು ನೀರು ಆ ಉರಿ ತಡ್ಕೊಳ್ಳಾಕಾಗ್ದೆ ಕುದೀತದೆ. ಕೊಡಗಟ್ಟಲೆ ನೀರು ಉರೀನೇ ಹೊತ್ಕೊಂಡು ಹೋಯ್ತದೆ. ಹಿಂದೊಂದ್ಸಲ ದ್ರಾವಕ ನನ್ನ ಕಾಲ್ಮೇಲೆ ಬಿದ್ದಾಗ ಕೊಳಕ್ಕಿಳಿದು ನಿಂತ್ಬಿಟ್ಟಿದ್ದೆ, ಅದಕ್ಕೇ ಕಾಲು ಉಳೀತು."

"ಎರಡನೆಯದು?"

"ದ್ರಾವಕಾನೇ ನೀರಿನ ಮನೆಗೆ ಹೋಗ್ಬೇಕು. ಅದೂ ಒಂದೇ ಸಲ ನುಗ್ಗಂಗಿಲ್ಲ. ಸಣ್ಣ ಧಾರೇಲಿ, ಕಲಕ್ತಾ ಕಲಕ್ತಾ."

"ಮೊದಲನೆಯದು?"

"ಅದೂ ದ್ರಾವಕಾನೇ. ಗಾಳಿಯಾಗಿನ ತೇವ ಕುಡೀತದೆ. ಮಳೆಗಾಲದಾಗೆ ಯಾರೋ ಮುಚ್ಚಳ ಹಾಕೋದು ಮರೆತ್ರು, ತಿಂಗಳೊಳಗೆ ಭರಣಿ ಉಕ್ತು. ನಾನೇ ನೀರು ಬೆರೆಸಿದ್ದು ಅಂತ ನಂಗೆ ಆರು ಏಟು ಹಾಕಿದ್ರು."

ಸಭೆ ಮೆಚ್ಚಿ ಗುಜುಗುಜು ಎಂದಿತು. ಬೊಮ್ಮಯ್ಯ ಮಾತ್ರ ತಲೆ ಎತ್ತಲಿಲ್ಲ.

"ಅಮ್ಮಣ್ಣಿ, ಆವತ್ತು ಕೊಡ ಹೊತ್ಕೊಂಡು ನಿಂತವನು ನಾನೇ. ನಿಲ್ಲು ಅಂದ್ರು, ನಿಂತ್ಬಿಟ್ಟೆ. ಕಾಲು ಉಳಿದದ್ದು ಗೊತ್ತಿದ್ದೂ ದೊಡ್ಡವರ ಮಾತು ಮೀರೋ ಧೈರ್ಯ ಬರಲಿಲ್ಲ. ಅದಕ್ಕೆ ತಲೆ ತೆಗೆಸೋದಾದ್ರೆ ತೆಗೆಸಿ."

ಹಿರಿಯ ಪಂಡಿತರು ಮುಖ ಮುಚ್ಚಿಕೊಂಡರು. ಪದ್ಮಲೆ ಪೀಠದಿಂದ ಮೆಟ್ಟಿಲಿಳಿದು, ನೀರು ನಿಂತ ನೆಲದ ಮೇಲೆ ಅವನಿದ್ದಲ್ಲಿಗೆ ತಾನೇ ನಡೆದು ಬಂದಳು. ಸೊಂಟದಿಂದ ರಸಶಾಲೆಯ ಬೀಗದ ಕೈ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ನಿನ್ನನ್ನು ನಿಲ್ಲಿಸಿದ್ದು ನಮ್ಮ ಅರಮನೆ, ಬೊಮ್ಮಯ್ಯ" ಎಂದಳು. "ಇನ್ನು ಮೇಲೆ ನಿಲ್ಲಬೇಡ. ಬೇರೇನು ಬೇಕು, ಕೇಳು."

"ಆ ಇಬ್ಬರ ತಲೆ ಉಳಿಸಿಕೊಡಿ" ಎಂದ ಬೊಮ್ಮಯ್ಯ. ಅರಸ ಒಪ್ಪಿದ.

ರಸಶಾಲೆಯ ಬಾಗಿಲಲ್ಲಿ ಒಂದು ಕಲ್ಲಿನ ತೊಟ್ಟಿ ಬಂತು. ನೀರು ತರುವವರನ್ನು ತಡೆಯುವ ಅಧಿಕಾರ ಅರಸನಿಗೂ ಇಲ್ಲ ಎಂದು ಅದರ ಮೇಲೆ ಕೆತ್ತಿಸಿದರು. ಬೊಮ್ಮಯ್ಯ ಒಡೆಯನಾದ ಮೇಲೂ ದಿನಾ ಬೆಳಗ್ಗೆ ಆ ತೊಟ್ಟಿಯನ್ನು ಬೇರೆಯವರ ಕೈಗೆ ಬಿಡದೆ ತಾನೇ ತುಂಬಿಸಿ, ಆಮೇಲೆಯೇ ಬೀಗ ತೆಗೆಯುತ್ತಿದ್ದ.