ಗರಡಿಯ ಮುಂದಿನ ದಾರಿ

"ಗುರುಗಳೇ, ನಮ್ಮ ಕಾಲೇಜಿನ ಕಬಡ್ಡಿ ತಂಡದ ನಾಯಕ ಒಬ್ಬ ವಿದ್ಯಾರ್ಥಿನಿಯ ಮೈಮೇಲೆ ಕೈ ಹಾಕಿದ್ದಾನೆ. ವಿಚಾರಣೆಯಲ್ಲಿ ತಪ್ಪು ಒಪ್ಪಿಕೊಂಡಿದ್ದಾನೆ. ಭಾನುವಾರ ಫೈನಲ್ ಇದೆ. ಶಿಕ್ಷೆಯನ್ನು ಆಟಕ್ಕೆ ಮೊದಲೇ ಕೊಡಲೇ, ಆಟ ಮುಗಿದ ಮೇಲೆ ಕೊಡಲೇ?" ಎಂದು ಶಿಷ್ಯ ಕೇಳಿದ. ಅವನೇ ಆ ತಂಡದ ತರಬೇತುದಾರ.

"ಇದನ್ನೂ ಕೇಳಬೇಕೇನಪ್ಪಾ? ಇರಲಿ, ಕೂತುಕೋ," ಎಂದು ಗುರುಗಳು ಕತೆ ಶುರುಮಾಡಿದರು.

ಒಂದೂರಲ್ಲಿ ಒಬ್ಬ ಉಸ್ತಾದನಿದ್ದ. ಅವನ ಗರಡಿ ಸುತ್ತಲಿನ ಹತ್ತೂರಲ್ಲಿ ಹೆಸರುವಾಸಿ. ಗರಡಿಯ ಮುಂದೆಯೇ ಕೆರೆಗೆ ಹೋಗುವ ದಾರಿ. ಒಂದು ವರ್ಷದಿಂದ ಹೆಂಗಸರು ಆ ದಾರಿ ಬಿಟ್ಟು, ಊರೆಲ್ಲ ಸುತ್ತಿಕೊಂಡು ನೀರಿಗೆ ಹೋಗುತ್ತಿದ್ದರು. ನಮ್ಮ ಗರಡಿಗೆ ಎಷ್ಟು ಮರ್ಯಾದೆ ನೋಡಿ ಎಂದು ಉಸ್ತಾದ ಬಂದವರ ಮುಂದೆಲ್ಲ ಬೀಗುತ್ತಿದ್ದ. ಪಾಪ, ಅವನಿಗೆ ಹಾಗೆಯೇ ಕಂಡಿತ್ತು.

ದಸರಾ ಕುಸ್ತಿಗೆ ನಾಲ್ಕು ದಿನವಿರುವಾಗ ಕುಂಬಾರನ ಮಗಳೊಬ್ಬಳು ಬಂದು ಬಾಗಿಲಲ್ಲೇ ನಿಂತಳು.

"ನಿಮ್ಮ ದೊಡ್ಡ ಪೈಲ್ವಾನ ನಿನ್ನೆ ನನ್ನನ್ನು ಹಿಡಿದು ಎಳೆದ. ಬಿಡು ಬಿಡು ಅಂದರೂ ಬಿಡಲಿಲ್ಲ. ಕೊಸರಿಕೊಂಡು ಓಡಿದೆ. ಅವನಿಗೆ ಹೆದರಿಯೇ ನಾವೆಲ್ಲ ಈ ದಾರಿ ಬಿಟ್ಟಿರುವುದು. ಅವ್ವನಿಗೆ ಜ್ವರ, ಬೇಗ ನೀರು ಬೇಕಿತ್ತು, ಅದಕ್ಕೆ ಬಂದೆ."

ಉಸ್ತಾದ ವರ್ಷವಿಡೀ ಕೊಚ್ಚಿಕೊಂಡದ್ದು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದ. ಪೈಲ್ವಾನನನ್ನು ಕರೆಸಿದ.

"ಪಟ್ಟು ಹಾಕಿದಾಗ ಎದುರಿನವನು ಸಾಕೆಂದು ನೆಲ ತಟ್ಟಿದರೆ ಏನು ಮಾಡುತ್ತೀಯ?"

"ತಕ್ಷಣ ಬಿಡುತ್ತೇನೆ, ಉಸ್ತಾದರೇ. ನೀವು ಮೊದಲ ದಿನ ಕಲಿಸಿದ್ದೇ ಅದು."

"ಈ ಮಗು ಬಿಡು ಅಂದಾಗ ಯಾಕೆ ಬಿಡಲಿಲ್ಲ?"

ಪೈಲ್ವಾನ ತಲೆ ತಗ್ಗಿಸಿದ. ಉಸ್ತಾದ ಅವನನ್ನು ಆಗಲೇ ಗರಡಿಯಿಂದ ಹೊರಗೆ ಹಾಕಿದ. ದಸರೆ ಕಳೆಯಲಿ, ಆಮೇಲೆ ಏನು ಬೇಕಾದರೂ ಮಾಡು ಎಂದು ಊರ ಹಿರಿಯರು ಗೋಗರೆದರು. ಆಸಾಮಿ ಜಪ್ಪಯ್ಯ ಎನ್ನಲಿಲ್ಲ. ಆ ವರ್ಷ ಗರಡಿ ಸೋತಿತು. ಊರವರು ಹುಡುಗಿಗೆ ಹಿಡಿಶಾಪ ಹಾಕಿದರು.

ಕುಸ್ತಿ ಮುಗಿದ ಮರುದಿನ ಉಸ್ತಾದ ಹಣ್ಣುಕಾಯಿ ಹಿಡಿದು, ಊರೆಲ್ಲ ನೋಡುತ್ತಿದ್ದಂತೆ ಕುಂಬಾರನ ಮನೆಗೆ ನಡೆದ.

"ತಾಯಿ, ನಲವತ್ತು ವರ್ಷ ಬೆವರು ಸುರಿಸಿ ಕಟ್ಟಿದ ಗರಡಿ ಕಣ್ಣೆದುರೇ ಕೆಡುತ್ತಿತ್ತು. ನನಗೆ ಗೊತ್ತಾಗಲಿಲ್ಲ. ನೀನು ಧೈರ್ಯ ಮಾಡಿ ಬಂದು ಹೇಳಿದೆ. ನಿನ್ನ ಉಪಕಾರ ಸಾಯುವತನಕ ಮರೆಯುವುದಿಲ್ಲ," ಎಂದು ಕೈ ಮುಗಿದ. ಸೋತ ದುಃಖ ಅವನಲ್ಲಿ ಒಂದಿಷ್ಟೂ ಇರಲಿಲ್ಲ. ಗರಡಿ ಉಳಿಯಿತಲ್ಲ ಎಂದು ಕಣ್ಣು ತುಂಬಿ ಬಂದಿತ್ತು.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು ಗುರುಗಳೇ. ನಾಳೆಯೇ ಅವನನ್ನು ತಂಡದಿಂದ ಕೈಬಿಡುತ್ತೇನೆ," ಎಂದು ಶಿಷ್ಯ ಎದ್ದುನಿಂತ.

"ಬಂದಾಗಿನಿಂದ ಅವನ ಮಾತೇ ಆಯಿತಲ್ಲಪ್ಪಾ, ದೂರು ಕೊಟ್ಟ ಆ ಹುಡುಗಿಗೆ ಕೈ ಮುಗಿದೆಯಾ?" ಎಂದರು ಗುರುಗಳು.